ತಂಗಿಯ ಕಾಸು, ನನ್ನ ಸ್ಟಾಂಪು

ನನ್ನ ತಂಗಿ ಕೂಡಿಟ್ಟಿದ್ದ ಹಳೇ ಕಾಸುಗಳನ್ನು ಹಾಳು ಮಾಡಿದವನು ನಾನು. ಅದನ್ನು ಆ ದಿನವೇ ಅವಳಿಗೆ ಹೇಳಬೇಕಿತ್ತು, ಹೇಳಲಿಲ್ಲ. ಒಂದು ವಾರ ಬಿಟ್ಟಾದರೂ ಹೇಳಬಹುದಿತ್ತು, ಆಗಲೂ ಹೇಳಲಿಲ್ಲ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟೂ ವರ್ಷ ನನ್ನ ತಪ್ಪನ್ನು ಅಮ್ಮ ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದಳು.

ನಾನು ಓದಿದ್ದು ಆರನೇ ತರಗತಿ. ಬರವಣಿಗೆ ನನಗೆ ಅಭ್ಯಾಸವಿಲ್ಲ. ಆದರೂ ಇದನ್ನು ಬೇರೆಯವರಿಗೆ ಹೇಳಿ ಬರೆಸಬಾರದು ಅಂತ ತೀರ್ಮಾನ ಮಾಡಿ ಕೂತಿದ್ದೇನೆ. ಬೇರೆಯವರು ಬರೆದರೆ ನನ್ನ ತಪ್ಪಿಗೆ ಒಂದು ನಯ ಬಂದುಬಿಡುತ್ತದೆ. ಒರಟಾದ್ದನ್ನು ನಯ ಮಾಡುವುದೇ ನನ್ನ ಕಸುಬಾಗಿತ್ತು, ಈ ಅನಾಹುತ ಆದದ್ದೂ ಅದರಿಂದಲೇ.

ಆಗ ನಾವು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿದ್ದೆವು. ಎದುರುಬದುರು ಆರು ಮನೆ, ಎಲ್ಲದಕ್ಕೂ ಶೀಟಿನ ಮಾಡು, ನಡುವೆ ಒಂದೇ ನಲ್ಲಿ. ತುಮಕೂರು ರಸ್ತೆಯಲ್ಲಿ ದೊಡ್ಡ ಲಾರಿ ಹೋದರೆ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ನಾನು ಆರನೇ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅಮ್ಮ ಜಾಲಹಳ್ಳಿ ಕಡೆಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಾಲ್ಕು ಮನೆ ಪಾತ್ರೆ ತೊಳೆಯಲು ಹೋದಳು. ನಾನು ಪೀಣ್ಯದ ಒಂದು ಶೆಡ್ಡಿಗೆ ಕಸ ಗುಡಿಸಲು ಸೇರಿದೆ. ನನಗಿಂತ ಐದು ವರ್ಷಕ್ಕೆ ಚಿಕ್ಕವಳಾದ ತಂಗಿಯನ್ನು ಮಾತ್ರ ಶಾಲೆ ಬಿಡಿಸಬಾರದು ಅಂತ ನಾನೂ ಅಮ್ಮನೂ ಮಾತಾಡಿಕೊಂಡಿದ್ದೆವು. ಆ ಮಾತನ್ನು ಉಳಿಸಿಕೊಂಡೆವು.

ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ನಾನು ಲೋಹಕ್ಕೆ ಹೊಳಪು ಕೊಡುವ ಬಫಿಂಗ್ ಚಕ್ರದ ಮುಂದೆ ನಿಂತು ಐದು ವರ್ಷವಾಗಿತ್ತು. ನಲ್ಲಿ, ಬಾಗಿಲ ಹಿಡಿಕೆ, ಚಿಲಕ, ಸೈಕಲ್ ಭಾಗ, ಎಲ್ಲ ಒರಟೊರಟಾಗಿ ನಮ್ಮ ಶೆಡ್ಡಿಗೆ ಬರುತ್ತಿದ್ದವು. ಮೊದಲು ಮರಳುಕಾಗದದಂಥ ಎಮರಿ ಚಕ್ರಕ್ಕೆ ಹಿಡಿಯಬೇಕು. ಆಮೇಲೆ ಬಟ್ಟೆಯ ಚಕ್ರ. ಅದಕ್ಕೆ ಕಪ್ಪು ಸೋಪಿನಂಥ ಒಂದು ಗಟ್ಟಿಯನ್ನು ಆಗಾಗ ತಗುಲಿಸುತ್ತಿರಬೇಕು, ಅದರ ಮೈಗೆ ಹಿಡಿದ ಲೋಹ ಹೊಳಪಿಗೆ ಬರುತ್ತದೆ. ಕೊನೆಗೆ ನಿಕ್ಕಲ್ ಲೇಪ ಕೊಡುವ ತೊಟ್ಟಿ. ನಮ್ಮ ಓನರ್ ಮಾಲು ಪರೀಕ್ಷೆ ಮಾಡುತ್ತಿದ್ದ ರೀತಿ ಸುಲಭದ್ದು. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹಲ್ಲು ಕಿರಿಯುತ್ತಿದ್ದರು. ಅದರಲ್ಲಿ ಹಲ್ಲು ಕಂಡರೆ ಪಾಸು, ಕಾಣದಿದ್ದರೆ ವಾಪಸ್ಸು. ನಾವೂ ಇಡೀ ದಿನ ನಲ್ಲಿಗಳಿಗೆ ಹಲ್ಲು ಕಿರಿಯುತ್ತಿದ್ದೆವು. ಹೊಸಬರು ನೋಡಿದರೆ ಹುಚ್ಚರ ಶೆಡ್ಡು ಅಂದುಕೊಳ್ಳಬೇಕು. ಹೊಳೆಯದ ವಸ್ತುವಿಗೆ ಬೆಲೆಯಿಲ್ಲ ಅನ್ನುವುದು ಐದು ವರ್ಷದಲ್ಲಿ ನನ್ನ ಮೂಳೆಗೆ ಇಳಿದಿತ್ತು.

ನನಗೊಂದು ಹುಚ್ಚಿತ್ತು, ಸ್ಟಾಂಪಿನದು. ನಮ್ಮ ಪಕ್ಕದ ದೊಡ್ಡ ಕಾರ್ಖಾನೆಗೆ ಹೊರದೇಶದಿಂದ ಮೆಷಿನ್ನು ತರಿಸುತ್ತಿದ್ದರು, ಹಾಗಾಗಿ ಕಾಗದಪತ್ರ ಬರುತ್ತಿತ್ತು. ಅಲ್ಲಿನ ಪ್ಯೂನು ಲಕೋಟೆಯ ಮೂಲೆಗಳನ್ನು ಹರಿದು ಜೇಬಿನಲ್ಲಿಟ್ಟುಕೊಂಡು ಬಂದು ನನಗೆ ಕೊಡುತ್ತಿದ್ದ. ಬದಲಿಗೆ ನಾನು ಅವನ ಸೈಕಲ್ಲಿನ ಬೆಲ್ಲು ಹೊಳೆಸಿಕೊಡುತ್ತಿದ್ದೆ. ಸ್ಟಾಂಪುಗಳನ್ನು ಬೋಗುಣಿಯ ನೀರಲ್ಲಿ ನೆನೆಸಿ, ಕಾಗದದಿಂದ ಬಿಡಿಸಿ, ಒಣಗಿಸಿ, ಶೆಡ್ಡಿನ ಹಳೇ ಪುಸ್ತಕವೊಂದರ ಹಾಳೆಗಳಿಗೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದೆ. ಹಡಗು, ಹಕ್ಕಿ, ಗಡಿಯಾರದ ಗೋಪುರ, ಮೀಸೆಯ ಮನುಷ್ಯರು. ಯಾವ ದೇಶದ್ದು ಅಂತ ಓದಲು ನನಗೆ ಬರುತ್ತಿರಲಿಲ್ಲ. ಬಣ್ಣ ನೋಡಿ ಖುಷಿಪಡುತ್ತಿದ್ದೆ. ನೀಲಿಯದಕ್ಕೆಲ್ಲ ಒಂದು ಪುಟ, ಕೆಂಪಿನದಕ್ಕೆ ಒಂದು ಪುಟ.

ತಂಗಿಗೆ ಕಾಸಿನ ಹುಚ್ಚು. ಅದನ್ನು ಹತ್ತಿಸಿದವಳು ಅಮ್ಮನೇ. ಕ್ವಾರ್ಟರ್ಸಿನ ಮನೆಗಳಲ್ಲಿ ಚಲಾವಣೆಯಲ್ಲಿ ಇಲ್ಲದ ಕಾಸು ಡಬ್ಬಿಯ ತಳದಲ್ಲೋ ದೇವರ ಗೂಡಿನಲ್ಲೋ ಸಿಕ್ಕರೆ, ‘ನಿನ್ನ ಮಗಳಿಗೆ ಆಟಕ್ಕೆ ಕೊಡು’ ಅಂತ ಅಮ್ಮನಿಗೆ ಕೊಡುತ್ತಿದ್ದರು. ಅಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತರುತ್ತಿದ್ದಳು. ನಡುವೆ ತೂತಿರುವ ಕಾಸು, ಹೂವಿನ ಹಾಗೆ ಅಂಚಿರುವ ಒಂದಾಣೆ, ಚೌಕದ ಎರಡಾಣೆ, ಕಪ್ಪಾದ ಕಾಲಾಣೆ, ಬಂಗಾರ ಬೆರೆಸಿದ್ದಾರೆ ಅಂತ ಜನ ಮುಚ್ಚಿಡುತ್ತಿದ್ದ ಕಮಲದ ಇಪ್ಪತ್ತು ಪೈಸೆ. ಎಲ್ಲಕ್ಕೂ ದೊಡ್ಡದು ಒಂದು ಆನೆ ಕಾಸು. ಅದು ಹಳೇ ಮೈಸೂರು ರಾಜ್ಯದ್ದು, ತಾಮ್ರದ ದಪ್ಪ ತುಂಡು, ಸರಿಯಾಗಿ ದುಂಡಗೂ ಇರಲಿಲ್ಲ. ಒಂದು ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾಗ ಅಮ್ಮ ದಿನಾ ಅವರ ತಲೆ ಬಾಚಿ ಜಡೆ ಹಾಕುತ್ತಿದ್ದಳಂತೆ. ಆಕೆ ದಿಂಬಿನ ಕೆಳಗಿಂದ ತೆಗೆದು ಕೊಟ್ಟದ್ದು ಅದು. ಅದರ ಮೇಲಿನ ಆನೆ ಸವೆದು ಸವೆದು, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ಆದರೆ ಹೆಬ್ಬೆರಳಿಗೆ ಚೆನ್ನಾಗಿ ತಿಳಿಯುತ್ತಿತ್ತು, ಬೆನ್ನಿನ ಉಬ್ಬು, ಸೊಂಡಿಲಿನ ಗೆರೆ.

ತಂಗಿ ಪ್ರತಿ ಕಾಸಿಗೂ ಒಂದು ಚೀಟಿ ಮಾಡಿದ್ದಳು. ಯಾವ ಮನೆಯವರು ಕೊಟ್ಟದ್ದು, ಎಂಥಾ ಲೋಹ, ಏನು ಚಿತ್ರ, ಎಲ್ಲ ಬರೆದು ಅದೇ ಚೀಟಿಯಲ್ಲಿ ಕಾಸನ್ನು ಮಡಿಸಿ ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಇಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ನಾವಿಬ್ಬರೂ ನಮ್ಮ ನಮ್ಮ ಆಸ್ತಿ ಬಿಚ್ಚಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದೆವು. ಕೂತರೆ ಜಗಳ ಗ್ಯಾರಂಟಿ.

“ನಿನ್ನ ಸ್ಟಾಂಪು ಒಂದೇ ಒಂದು ಸಲ ಊರು ನೋಡಿರೋದು ಕಣೋ ಅಣ್ಣ. ಬಂತು, ಮುದ್ರೆ ಬಿತ್ತು, ಮುಗೀತು. ನನ್ನ ಕಾಸು ಎಷ್ಟು ಜನರ ಸೊಂಟ ಸುತ್ತಿ ಬಂದಿದೆಯೋ ಯಾರಿಗ್ಗೊತ್ತು.”

“ಅದಕ್ಕೇ ಅಷ್ಟು ಕೊಳೆ.”

“ಕೊಳೆ ಅಲ್ಲ ಅದು.”

“ಮತ್ತೇನು, ಗಂಧಾನಾ?”

“ಅದು ಅದರ ವಯಸ್ಸು. ನಮ್ಮ ಮೇಷ್ಟ್ರು ಹೇಳಿದಾರೆ. ನಿಂಗೆ ಗೊತ್ತಾಗಲ್ಲ ಬಿಡು.”

‘ನಿಂಗೆ ಗೊತ್ತಾಗಲ್ಲ’ ಅನ್ನುವುದು ಅವಳ ಬಾಯಲ್ಲಿ ಆಗಾಗ ಬರುತ್ತಿದ್ದ ಮಾತು. ಎಂಟನೇ ತರಗತಿಯ ಹುಡುಗಿ ಆರನೇ ತರಗತಿಯ ಅಣ್ಣನಿಗೆ ಹೇಳುವಂಥದ್ದು. ಅವಳಿಗೆ ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಚುಚ್ಚುತ್ತಿತ್ತು.

ಇನ್ನೊಂದೂ ಚುಚ್ಚುತ್ತಿತ್ತು. ವಠಾರದವರು ನಮ್ಮ ಜಗಲಿಗೆ ಬಂದರೆ ನನ್ನ ಪುಸ್ತಕವನ್ನು ಒಂದು ನಿಮಿಷ ನೋಡಿ, “ಇದು ಜರ್ಮನೀದಾ?” ಅಂತ ಕೇಳಿ, ಹಿಂದಕ್ಕೆ ಕೊಡುತ್ತಿದ್ದರು. ಆಮೇಲೆ ತಂಗಿಯ ಡಬ್ಬಿಗೆ ಕೈ ಹಾಕಿದರೆ ಏಳುತ್ತಲೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದ, ಯಶವಂತಪುರ ಸ್ಟೇಷನ್ನಿನಲ್ಲಿ ಜಟಕಾ ಓಡಿಸಿದ್ದವನು. ಕಣ್ಣು ಮಂಜಾಗಿತ್ತು. ಕಾಸನ್ನು ಬೆರಳಲ್ಲಿ ಹೊರಳಿಸಿ ಇದು ಕಾಲಾಣೆ, ಇದು ಅರ್ಧಾಣೆ ಅಂತ ಸರಿಯಾಗಿ ಹೇಳುತ್ತಿದ್ದ.

“ಇದೊಂದು ಕೊಟ್ರೆ ನನ್ನ ಕುದ್ರೆಗೆ ಒಂದು ಕಟ್ಟು ಹುಲ್ಲು ಬರೋದು ಕಣವ್ವಾ,” ಅನ್ನುತ್ತಿದ್ದ. “ಒಂದ್ಸಲ ಜೇಬಲ್ಲಿ ಇದೊಂದೇ ಇತ್ತು. ನಾನು ಉಪಾಸ ಇದ್ದೆ, ಅದಕ್ಕೆ ತಿನ್ನಿಸ್ದೆ. ಅದೇನು ನೆನಸ್ಕೊಂತಾ? ಮಾರನೇ ದಿನಾನೇ ನನ್ನ ಒದೀತು.”

ಆಗ ನಾನು ಹೊಟ್ಟೆಕಿಚ್ಚು ಪಟ್ಟೆ. ಈಗ ಯೋಚಿಸಿದರೆ ಸಂಗತಿ ಸರಳವಾಗಿ ಕಾಣುತ್ತದೆ. ಸ್ಟಾಂಪು ಕಾಗದ ಬರುವವರ ಮನೆಯ ವಸ್ತು. ನಮ್ಮ ವಠಾರಕ್ಕೆ ಯಾರು ಕಾಗದ ಬರೆಯಬೇಕಿತ್ತು? ವರ್ಷಕ್ಕೆ ಒಂದೋ ಎರಡೋ ಕಾರ್ಡು, ಅದೂ ಯಾರೋ ತೀರಿಕೊಂಡಾಗ. ಆದರೆ ಕಾಸು ಮುಟ್ಟದ ಕೈ ಯಾವುದಿದೆ? ಓದು ಬಾರದವನೂ ಅದನ್ನು ಓದುತ್ತಾನೆ, ಕಣ್ಣು ಮಂಜಾದವನೂ ಓದುತ್ತಾನೆ. ಸ್ಟಾಂಪಿನ ಮೊದಲ ನಿಯಮವೇ ಮುಟ್ಟಬೇಡ ಅನ್ನುವುದು. ಕಾಸು ಇರುವುದೇ ಮುಟ್ಟಲಿಕ್ಕೆ. ಎಷ್ಟೋ ಜನ ಸ್ಟಾಂಪು ಕೂಡಿಸುವುದನ್ನು ಹದಿನೆಂಟಕ್ಕೋ ಇಪ್ಪತ್ತಕ್ಕೋ ಬಿಟ್ಟುಬಿಟ್ಟದ್ದನ್ನು ಆಮೇಲೆ ನೋಡಿದ್ದೇನೆ. ಕಾಸು ಹಿಡಿದವರು ಬಿಟ್ಟದ್ದನ್ನು ಅಷ್ಟಾಗಿ ನೋಡಿಲ್ಲ.

ಆ ವರ್ಷ ತಂಗಿಯ ಶಾಲೆಯಲ್ಲಿ ಮಕ್ಕಳು ಕೂಡಿಟ್ಟ ವಸ್ತುಗಳ ಪ್ರದರ್ಶನ ಇಟ್ಟರು. ಪೇಟೆಯಿಂದ ನಾಣ್ಯ ಬಲ್ಲ ಒಬ್ಬ ಹಿರಿಯರು ನೋಡಲು ಬರುವವರಿದ್ದರು. ಅವರ ಮನೆಯಲ್ಲಿ ಒಂದು ಕೋಣೆಯ ತುಂಬ ನಾಣ್ಯವಿದೆಯಂತೆ, ಪುಸ್ತಕಗಳಿವೆಯಂತೆ, ಆಸಕ್ತಿಯಿರುವ ಮಗು ಕಂಡರೆ ಮನೆಗೆ ಕರೆದು ಕಲಿಸುತ್ತಾರಂತೆ. ತಂಗಿ ಹದಿನೈದು ದಿನ ಬೇರೆ ಮಾತೇ ಆಡಲಿಲ್ಲ. ಬಹುಮಾನದ ಆಸೆ ಅವಳಿಗಿರಲಿಲ್ಲ. ಅವರು ಆ ಆನೆ ಕಾಸನ್ನು ಕೈಗೆ ತೆಗೆದುಕೊಂಡು, ‘ಬಾಮ್ಮ ನಮ್ಮ ಮನೆಗೆ’ ಅನ್ನಬೇಕು. ಅಷ್ಟೇ ಬೇಕಿತ್ತು.

ಪ್ರದರ್ಶನ ಇದ್ದದ್ದು ಸೋಮವಾರ. ಶನಿವಾರ ಅರ್ಧ ದಿನದ ಶಾಲೆಯಾದರೂ ಪ್ರದರ್ಶನದ ತಯಾರಿಗೆ ಅವಳು ಸಂಜೆಯವರೆಗೆ ಅಲ್ಲೇ ಇರುವವಳಿದ್ದಳು. ಬೆಳಿಗ್ಗೆ ಅವಳು ಹೋದ ಮೇಲೆ, ಗೂಡಿನಿಂದ ಡಬ್ಬಿ ತೆಗೆದು ನನ್ನ ಊಟದ ಚೀಲದಲ್ಲಿ ಹಾಕಿಕೊಂಡೆ.

ಯಾಕೆ ಅಂತ ನನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಅವಳಿಗೆ ಒಳ್ಳೆಯದಾಗಲಿ ಅಂತ ಮಾಡಿದೆ ಅಂದರೆ ಅರ್ಧ ಸುಳ್ಳು. ಅಷ್ಟು ದೊಡ್ಡ ಮನುಷ್ಯರ ಮುಂದೆ ಕಪ್ಪು ಹಿಡಿದ ಕಾಸು ಇಟ್ಟರೆ ಮರ್ಯಾದೆ ಇರುತ್ತದೆಯೇ ಅಂತ ನನಗೆ ನಿಜವಾಗಿ ಅನ್ನಿಸಿತ್ತು. ಉಳಿದರ್ಧ ಬೇರೆ. ಎಲ್ಲರೂ ಆ ಕಾಸುಗಳನ್ನು ಮೆಚ್ಚುವಾಗ, ಅವು ಚೆನ್ನಾಗಿರುವುದು ನನ್ನ ಕೈಯಿಂದ ಅಂತ ಆಗಬೇಕಿತ್ತು. ‘ನಿಂಗೆ ಗೊತ್ತಾಗಲ್ಲ’ ಅಂದವಳಿಗೆ ನನಗೆ ಏನು ಗೊತ್ತು ಅಂತ ತೋರಿಸಬೇಕಿತ್ತು. ಕೊಳೆ ಅಲ್ಲ ಅದು ಅಂತ ಅವಳೇ ಹೇಳಿದ್ದಳು. ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಮಾಡಿದೆ.

ಊಟದ ಹೊತ್ತಿಗೆ ಎಲ್ಲರೂ ಹೊರಗಿನ ಹೊಂಗೆ ಮರದ ಕೆಳಗೆ ಹೋದರು. ನಾನು ಚಕ್ರ ಚಾಲೂ ಮಾಡಿದೆ. ಕಾಸು ಚಿಕ್ಕದು, ಬೆರಳಲ್ಲಿ ಹಿಡಿದರೆ ಸುಡುತ್ತದೆ, ಹಾರಿಹೋಗುತ್ತದೆ. ಅದಕ್ಕಾಗಿ ಹಿಂದಿನ ದಿನವೇ ಒಂದು ಮರದ ತುಂಡಿನಲ್ಲಿ ಗುಳಿ ಕೊರೆದು ಇಟ್ಟುಕೊಂಡಿದ್ದೆ. ಮೊದಲು ತೂತು ಕಾಸು. ಬಟ್ಟೆ ಚಕ್ರಕ್ಕೆ ತಗುಲಿದ್ದೇ ತಡ, ಕಪ್ಪು ಹೋಗಿ ಒಳಗಿಂದ ಕೆಂಪಗೆ, ಆಮೇಲೆ ಚಿನ್ನದ ಹಾಗೆ ಬಂತು. ನನ್ನ ಎದೆ ಉಬ್ಬಿತು. ಒಂದಾದ ಮೇಲೆ ಒಂದು ಹಿಡಿದೆ. ಒಂದಾಣೆ ಬೆಳ್ಳಿಯ ಹಾಗಾಯಿತು. ಕಾಲಾಣೆಯ ಅಕ್ಷರ ಸ್ವಲ್ಪ ಮಾಸಿದ್ದು ಕಂಡಿತು. ಕಂಡರೂ ನಿಲ್ಲಿಸಲಿಲ್ಲ.

ಆನೆ ಕಾಸನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದು ಗುಳಿಯಲ್ಲಿ ಕೂರಲಿಲ್ಲ. ಇಕ್ಕಳದಲ್ಲಿ ಹಿಡಿದೆ. ಬಟ್ಟೆ ಚಕ್ರಕ್ಕೆ ಅದರ ಕಪ್ಪು ಬಗ್ಗಲಿಲ್ಲ. ಶೆಡ್ಡಿಗೆ ಬಂದ ಮಾಲು ಬಗ್ಗದಿದ್ದಾಗ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ, ಎಮರಿ ಚಕ್ರಕ್ಕೆ ಕೊಟ್ಟೆ. ಎರಡೇ ಎರಡು ಸುತ್ತು. ಎಮರಿ ಮೊದಲು ತಿನ್ನುವುದು ಎದ್ದು ನಿಂತದ್ದನ್ನು. ಆ ಕಾಸಿನಲ್ಲಿ ಎದ್ದು ನಿಂತದ್ದು ಆನೆಯೊಂದೇ. ಆಮೇಲೆ ಬಟ್ಟೆ ಚಕ್ರಕ್ಕೆ ಹಿಡಿದು, ಒರೆಸಿ, ಟ್ಯೂಬ್‌ಲೈಟಿನ ಕೆಳಗೆ ಎತ್ತಿ ನೋಡಿದೆ. ಆನೆ ಇರಲಿಲ್ಲ. ನನ್ನ ಹಲ್ಲು ಕಂಡವು.

ಓರೆಯಾಗಿ ಹಿಡಿದು ನೋಡಿದೆ. ಹೆಬ್ಬೆರಳಿಂದ ತಡವಿದೆ. ಕನ್ನಡಿಯ ಮೇಲೆ ಬೆರಳಿಟ್ಟ ಹಾಗೆ ಜಾರಿತು. ಆದರೆ ಮನುಷ್ಯ ತನಗೆ ತಾನೇ ಎಷ್ಟು ಬೇಗ ಸಮಾಧಾನ ಹೇಳಿಕೊಳ್ಳುತ್ತಾನೆ ನೋಡಿ. ‘ಆನೆ ಹೆಂಗೂ ಸವೆದೇ ಇತ್ತು, ಹೊಳಪಾದರೂ ಬಂತಲ್ಲ’ ಅಂದುಕೊಂಡೆ. ಪ್ರತಿ ಕಾಸನ್ನೂ ಅದರದರ ಚೀಟಿಯಲ್ಲೇ ಮಡಿಸಿ, ಅವಳು ಮನೆಗೆ ಬರುವ ಮೊದಲೇ ಡಬ್ಬಿಯನ್ನು ಗೂಡಿನಲ್ಲಿಟ್ಟೆ. ಜೋಡಿಸಿಟ್ಟದ್ದು ಕೆಡಬಾರದು ಅಂತ ಅವಳು ಆ ಭಾನುವಾರ ಡಬ್ಬಿ ಬಿಚ್ಚಲಿಲ್ಲ, ಸೋಮವಾರವೂ ತೆರೆಯದೆ ಹಾಗೇ ಚೀಲದಲ್ಲಿಟ್ಟುಕೊಂಡು ಹೋದಳು. ಶಾಲೆಯಲ್ಲಿ ಮೇಜಿನ ಮೇಲೆ ಬಿಚ್ಚಿದಾಗ ಅವಳ ಮುಖ ಅರಳುತ್ತದೆ ಅಂತ ಇನ್ನೂ ನಂಬಿದ್ದೆ.

ಆ ದಿನ ಪೀಣ್ಯದಲ್ಲಿ ಕರೆಂಟು ತೆಗೆದಿದ್ದರು. ಹಾಗಾಗಿ ನಾನು ಬೇಗ ಮನೆಗೆ ಬಂದಿದ್ದೆ. ನಾಲ್ಕು ಗಂಟೆಗೆ ತಂಗಿ ಬಂದಳು. ಅಳುತ್ತಿರಲಿಲ್ಲ. ಡಬ್ಬಿಯನ್ನು ಅಮ್ಮನ ಮುಂದೆ ನೆಲಕ್ಕಿಟ್ಟಳು.

“ಇದನ್ನ ಉಜ್ಜಿದ್ಯಾ?”

ಅಮ್ಮ ಅಕ್ಕಿ ಆರಿಸುತ್ತಿದ್ದಳು. “ಏನ್ನೇ?”

“ಶನಿವಾರ ದೇವರ ಸಾಮಾನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದ್ಯಲ್ಲ, ಇದನ್ನೂ ಉಜ್ಜಿದ್ಯಾ? ಅವರು ಏನಂದ್ರು ಗೊತ್ತಾ? ‘ಯಾರಮ್ಮ ಇದನ್ನ ತೊಳೆದದ್ದು, ಇನ್ನು ಇದು ನಾಣ್ಯವಲ್ಲ, ತಾಮ್ರದ ಬಿಲ್ಲೆ’ ಅಂದ್ರು. ಎಲ್ಲರ ಮುಂದೆ ಅಂದ್ರು. ನಗಲಿಲ್ಲ ಅವರು, ಪಾಪ ಅನ್ನೋ ಹಂಗೆ ನೋಡಿದ್ರು. ಪಕ್ಕದ ಮೇಜಲ್ಲಿ ಬೆಂಕಿಪೊಟ್ಟಣದ ಚಿತ್ರ ಇಟ್ಕೊಂಡಿದ್ದ ಹುಡುಗನ ಜೊತೆ ಅರ್ಧ ಗಂಟೆ ಮಾತಾಡಿದ್ರು.”

“ನಾನ್ಯಾಕೆ ಮುಟ್ಲೇ ಅದನ್ನ? ನಂಗೇನೂ ಗೊತ್ತಿಲ್ಲ.”

“ಮತ್ಯಾರು ಮುಟ್ತಾರೆ? ನಿನ್ನ ಕೈಗೆ ಏನು ಸಿಕ್ಕಿದ್ರೂ ಉಜ್ಜದೇ ಬಿಡ್ತೀಯಾ? ಊರೋರ ಪಾತ್ರೆ ಉಜ್ಜಿ ಉಜ್ಜಿ ಅದೇ ಆಗೋಗಿದೆ ನಿಂಗೆ.”

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ.

ಅಮ್ಮ ಒಂದು ಚೀಟಿ ಎತ್ತಿಕೊಂಡು ಬಿಡಿಸಿದಳು. ಮಡಿಕೆಯಲ್ಲಿ ಕಪ್ಪು ಜಿಡ್ಡು ಮೆತ್ತಿತ್ತು, ನನ್ನ ಹೆಬ್ಬೆರಳಿನದು. ಚಕ್ರಕ್ಕೆ ಹಚ್ಚುವ ಆ ಕಪ್ಪು ಸೋಪಿನ ಜಿಡ್ಡು. ಐದು ವರ್ಷದಿಂದ ನನ್ನ ಅಂಗಿಯ ತೋಳಿನಿಂದ ಅದನ್ನು ಒಗೆದು ತೆಗೆಯುತ್ತಿದ್ದವಳು ಅವಳು. ಚೀಟಿಯನ್ನು ಮೂಗಿನ ಹತ್ತಿರ ತಂದಳು. ನನ್ನ ಕಡೆ ನೋಡಲೇ ಇಲ್ಲ. ಚೀಟಿಯನ್ನು ಮಡಿಸಿ ಡಬ್ಬಿಗೆ ಹಾಕಿ, ಮತ್ತೆ ಮೊರಕ್ಕೆ ಕೈ ಹಾಕಿದಳು.

“ಊಂ ಕಣೇ,” ಅಂದಳು. “ನಾನೇ ಉಜ್ಜಿದೆ. ಚೆಂದ ಕಾಣ್ಲಿ ಅಂತ. ಇಂಗಾಗ್ತದೆ ಅಂತ ಗೊತ್ತಾಗ್ಲಿಲ್ಲ.”

ಮಾರನೇ ದಿನ ತಂಗಿ ಒಂದು ಸಣ್ಣ ಬೀಗ ತಂದಳು. ನಮ್ಮ ಮನೆಯ ಒಳಗೆ ಬೀಗ ಬಿದ್ದದ್ದು ಅದೇ ಮೊದಲು.

ಅಮ್ಮ ಯಾಕೆ ಹಾಗೆ ಮಾಡಿದಳು ಅಂತ ನಾನು ಯಾವತ್ತೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಣ್ಣ ತಂಗಿ ಮಾತು ಬಿಟ್ಟರೆ ಮನೆ ಒಡೆಯುತ್ತದೆ, ತಾಯಿಯ ಮೇಲಿನ ಸಿಟ್ಟು ಹೇಗೋ ಮನೆಯೊಳಗೇ ಇರುತ್ತದೆ ಅಂತ ಎಣಿಸಿದ್ದಳೇನೋ. ಅಥವಾ, ನಾನೇ ಬಾಯಿ ಬಿಡುತ್ತೇನೆ ಅಂತ ಒಂದೆರಡು ದಿನ ಕಾದಿದ್ದಳೇನೋ. ಎರಡನೆಯದೇ ನನ್ನನ್ನು ಹೆಚ್ಚು ಕಾಡುತ್ತದೆ.

ತಂಗಿ ಬಿಡುವವಳಲ್ಲ. ಮತ್ತೆ ಒಂದೊಂದೇ ಕೂಡಿಸತೊಡಗಿದಳು. ನಾನೂ ಹಟ ಹಿಡಿದೆ. ಬಾಯಿ ಬಿಟ್ಟು ಹೇಳಲಾಗದ್ದನ್ನು ಕೈಯಿಂದ ತೀರಿಸುತ್ತೇನೆ ಅಂದುಕೊಂಡೆ. ಗುಜರಿ ಅಂಗಡಿಗಳ ಹಿತ್ತಾಳೆ ರಾಶಿಯಲ್ಲಿ ಹುಡುಕಿದೆ. ಪೀಣ್ಯದ ಎರಕದ ಶೆಡ್ಡುಗಳಿಗೆ ಕರಗಿಸಲು ಬರುತ್ತಿದ್ದ ಹಳೇ ಲೋಹದ ಮೂಟೆಗಳನ್ನು ಜಾಲಾಡಿದೆ. ಬಸ್ ಕಂಡಕ್ಟರುಗಳನ್ನು ಪರಿಚಯ ಮಾಡಿಕೊಂಡೆ. ಸಿಕ್ಕ ಕಾಸನ್ನು ಅಂಗಿಗೂ ಒರೆಸದೆ, ಮಣ್ಣಿದ್ದರೆ ಮಣ್ಣಿನ ಸಮೇತ ತಂದುಕೊಟ್ಟೆ.

“ನಮ್ಮಣ್ಣ ನೋಡು,” ಅಂತ ಅವಳು ಗೆಳತಿಯರ ಮುಂದೆ ಹೊಗಳುತ್ತಿದ್ದಳು. “ಕಾಸಿನ ಬೆಲೆ ಗೊತ್ತು ಅವನಿಗೆ.” ಆಗ ಅಮ್ಮ ಒಲೆಯ ಮುಂದೆ ಇರುತ್ತಿದ್ದಳು. ಎರಡು ವರ್ಷಕ್ಕೆ ಮತ್ತೊಂದು ಆನೆ ಕಾಸನ್ನೂ ಹುಡುಕಿ ತಂದೆ, ಮೊದಲಿನದಕ್ಕಿಂತ ಚೆನ್ನಾಗಿದ್ದದ್ದು. ಅವಳು ಕುಣಿದಾಡಿದಳು. ತಂದುಕೊಟ್ಟಷ್ಟೂ ನನ್ನ ತಪ್ಪು ಕರಗಲಿಲ್ಲ, ಗಟ್ಟಿಯಾಯಿತು.

ನನ್ನ ಸ್ಟಾಂಪಿನ ಪುಸ್ತಕ ಒಂದು ಮಳೆಗಾಲದಲ್ಲಿ ಹೋಯಿತು. ಶೀಟಿನ ಸಂದಿಯಿಂದ ನೀರಿಳಿದು, ಮೈದಾ ಅಂಟು ಉಬ್ಬಿ ಹುಳ ಹಿಡಿದು, ನೀಲಿ ಪುಟ ಕೆಂಪು ಪುಟಕ್ಕೆ ಹತ್ತಿಕೊಂಡಿತ್ತು. ಎಸೆದೆ. ಒಂದು ದಿನ ಬೇಜಾರಾಯಿತು, ಎರಡನೇ ದಿನ ಇರಲಿಲ್ಲ. ಸ್ಟಾಂಪು ಕೀಳು ಅಂತ ಹೇಳುತ್ತಿಲ್ಲ. ಆ ಬಣ್ಣಗಳು ನನಗೆ ಕೊಟ್ಟ ಸುಖ ನಿಜವಾದದ್ದು. ಆದರೆ ಆ ಪುಸ್ತಕ ಹೋದದ್ದನ್ನು ವಠಾರದಲ್ಲಿ ಒಬ್ಬರೂ ಕೇಳಲಿಲ್ಲ. ಸವೆದುಹೋದ ಆ ಆನೆಯನ್ನು ಮಾತ್ರ ಜಟಕಾ ತಾತ ಸಾಯುವವರೆಗೂ ಕೇಳುತ್ತಿದ್ದ. “ಆ ಆನೆ ಕಾಸು ಎಲ್ಲವ್ವಾ?” ಅಂತ. ತಂಗಿ, “ಅಮ್ಮನ್ನ ಕೇಳು ತಾತ,” ಅನ್ನುತ್ತಿದ್ದಳು.

ತಂಗಿಯನ್ನು ಅತ್ತಿಬೆಲೆಗೆ ಕೊಟ್ಟೆವು. ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರು, ಒಳ್ಳೆಯವರು. ಎರಡನೇ ಹೆರಿಗೆಯಾದಾಗ ಬಾಣಂತನಕ್ಕೆ ಅಮ್ಮ ಅಲ್ಲಿಗೇ ಹೋಗಿ ಉಳಿದಳು. ದಾಸರಹಳ್ಳಿಯಿಂದ ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಅತ್ತಿಬೆಲೆಗೆ ಇನ್ನೊಂದು. ಈ ಸಲ ಹೇಳಿಯೇ ಬರುತ್ತೇನೆ ಅಂತ ಮೊದಲ ಭಾನುವಾರ ಹೋದೆ. ಬಸ್ಸಿನ ರಷ್ಷಿನ ಬಗ್ಗೆ ಮಾತಾಡಿ ಬಂದೆ. ಎರಡನೇ ಭಾನುವಾರ ಮಗುವಿನ ಮೂಗು ಯಾರ ಹಾಗಿದೆ ಅಂತ ಮಾತಾಡಿ ಬಂದೆ.

ಮೂರನೇ ಸಲ ಹೋದಾಗ ಮಧ್ಯಾಹ್ನ. ತಂಗಿ ಮಗುವಿಗೆ ಹಾಲು ಕುಡಿಸಿ ಮಲಗಿಸಿ, ನನಗೆ ತೋರಿಸಲೆಂದು ಬೀಗ ತೆಗೆದು ಡಬ್ಬಿ ಹೊರಗಿಟ್ಟಿದ್ದಳು. ಈಗ ಅದು ದೊಡ್ಡ ಮರದ ಪೆಟ್ಟಿಗೆ. ನನ್ನ ಸೊಸೆ, ತಂಗಿಯ ಮೊದಲ ಮಗಳು, ಐದು ವರ್ಷದವಳು, ಪಕ್ಕದಲ್ಲೇ ಕಾವಲು ಕೂತಿದ್ದಳು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ, ಒಂದು ಚೌಕದ ಎರಡಾಣೆಯನ್ನು ಎತ್ತಿಕೊಳ್ಳಲು ಹೋದಳು.

“ಅಜ್ಜಿ ಮುಟ್ಟಂಗಿಲ್ಲ,” ಅಂದಳು ಹುಡುಗಿ. “ಅಜ್ಜಿ ಉಜ್ಜಿಬಿಡ್ತಾಳೆ. ಅಮ್ಮ ಹೇಳಿದಾಳೆ.”

ತಂಗಿ ನಕ್ಕಳು. ಭಾವ ನಕ್ಕರು. ಅಮ್ಮನೂ ನಕ್ಕಳು. “ಊಂ ಕಣವ್ವಾ, ನಿಮ್ಮಜ್ಜಿ ಕೈ ಸುಮ್ಕಿರಾಕಿಲ್ಲ,” ಅಂತ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಬಾಣಂತಿಗೆ ಮೈಗೆಲ್ಲ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಕೈ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತೊಳೆಯುತ್ತಿದ್ದ ಕೈ. ಆ ಮನೆಯಲ್ಲಿ ಆ ಕೈ ಮುಟ್ಟಬಾರದ್ದು ಅಂತ ಇದ್ದದ್ದು ಅದೊಂದೇ ಪೆಟ್ಟಿಗೆ, ಅದೂ ನನ್ನಿಂದ. ನಾನು ಈಗ ಸುಮ್ಮನಿದ್ದರೆ ಇದು ಈ ಮಗುವಿನ ಮಕ್ಕಳವರೆಗೂ ನಡೆಯುತ್ತದೆ ಅಂತ ಹೊಳೆಯಿತು.

“ಅಮ್ಮ ಉಜ್ಜಲಿಲ್ಲ,” ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ತಂಗಿ ಇನ್ನೂ ನಗುತ್ತಲೇ ಇದ್ದಳು. “ಏನು?”

“ಅಮ್ಮ ಉಜ್ಜಲಿಲ್ಲ ಕಣೇ. ಆ ಶನಿವಾರ ಡಬ್ಬೀನ ಶೆಡ್ಡಿಗೆ ತಗೊಂಡು ಹೋಗಿದ್ದು ನಾನು. ಚಕ್ರಕ್ಕೆ ಹಿಡಿದಿದ್ದು ನಾನು.”

“ಓಗ್ಲಿ ಬಿಡೋ,” ಅಂದಳು ಅಮ್ಮ, ಬೇಗ ಬೇಗ. “ಅಳೇದೆಲ್ಲ ಯಾಕೀಗ? ಬಾಣಂತಿ ಮುಂದೆ.”

“ಇಲ್ಲಮ್ಮ, ಹೇಳ್ತೀನಿ. ಇವತ್ತು ಹೇಳದೆ ಬಸ್ ಹತ್ತಲ್ಲ.”

ಎಲ್ಲ ಹೇಳಿದೆ. ಮರದ ಗುಳಿ, ಇಕ್ಕಳ, ಎಮರಿ. ಚೀಟಿಯ ಮಡಿಕೆಯಲ್ಲಿದ್ದ ಜಿಡ್ಡು. ಭಾವ ಮೆಲ್ಲಗೆ ಎದ್ದು ದೊಡ್ಡ ಮಗಳನ್ನು ಎತ್ತಿಕೊಂಡು ಹೊರಗೆ ಹೋದರು. ತಂಗಿ ನನ್ನನ್ನು ನೋಡುತ್ತಿರಲಿಲ್ಲ. ಅಮ್ಮನನ್ನು ನೋಡುತ್ತಿದ್ದಳು.

“ಆನೆ ಕಾಸನ್ನೂ ನೀನೇನಾ?” ಅಂತ ಕೇಳಿದಳು, ಕಣ್ಣು ತಿರುಗಿಸದೆ.

“ಅದನ್ನೂ ನಾನೇ. ಆನೆ ಹೋಗಿದ್ದು ಕಂಡಿತ್ತು. ಕಂಡೂ ಮಡಿಸಿಟ್ಟೆ.”

“ಊರೋರ ಪಾತ್ರೆ ಅಂದೆ ನಾನು ಅಮ್ಮಂಗೆ,” ಅಂದಳು ತಂಗಿ. “ನೀನು ಅಲ್ಲೇ ನಿಂತಿದ್ಯಲ್ಲೋ. ಬಾಗಿಲಲ್ಲಿ.”

“ನಿಂತಿದ್ದೆ.”

ಚಿಕ್ಕವನಿದ್ದೆ ಅನ್ನಬಹುದಿತ್ತು, ಹತ್ತೊಂಬತ್ತು ಚಿಕ್ಕ ವಯಸ್ಸಲ್ಲ. ಒಳ್ಳೆಯದಕ್ಕೆ ಮಾಡಿದೆ ಅನ್ನಬಹುದಿತ್ತು, ಅದು ಅರ್ಧ ಸುಳ್ಳು ಅಂತ ಆಗಲೇ ಹೇಳಿದೆನಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟೆ. ಕುರ್ಚಿಯಿಂದ ಇಳಿದು ಅಮ್ಮನ ಎದುರು ನೆಲದ ಮೇಲೆ ಕೂತೆ. ಅವಳು ಬೇಡ ಅನ್ನುವ ಹಾಗೆ ತಲೆ ಆಡಿಸುತ್ತಲೇ ಇದ್ದಳು. ಸೆರಗಿನೊಳಗಿದ್ದ ಆ ಕೈಯನ್ನು ಹೊರಗೆಳೆದು ಹಿಡಿದುಕೊಂಡು, ತಂಗಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

“ಕಾಸು ಕೆಡಿಸಿದ್ದೂ ನಾನೇ, ನಿನ್ನ ಮೇಲೆ ಬರೋಕೆ ಬಿಟ್ಟಿದ್ದೂ ನಾನೇ. ತಪ್ಪಾಯ್ತು ಕಣಮ್ಮ. ತಪ್ಪಾಯ್ತು ಕಣೇ ತಂಗಿ.”